ಅಟ್ಟ ಸೇರಿದ ಉಪಕರಣಗಳೂ ಪರಿಮಾಣವ್ರತವೂ

ಪಂಚಾಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹಪರಿಮಾಣವನ್ನು ಸ್ವೀಕರಿಸುವ ಶ್ರಾವಕನು ಸಾಮಾನ್ಯವಾಗಿ ಗದ್ದೆ, ತೋಟ, ಮನೆ, ಬಂಗಾರ, ಬೆಳ್ಳಿ, ಧಾನ್ಯ, ವಾಹನ ಇವುಗಳ ಮಿತಿಯನ್ನು ಬರೆದಿಡುತ್ತಾನೆ. ಬರೆದ ಮಿತಿಯನ್ನು ದಾಟದೆ ನಡೆದರೆ ವ್ರತವು ನಿರ್ದುಷ್ಟವಾಗಿದೆಯೆಂದು ಸಮಾಧಾನಪಡುತ್ತಾನೆ. ಆದರೆ ಅದೇ ಮನೆಯ ಅಟ್ಟವನ್ನು ಏರಿ ನೋಡಿದರೆ, ಯಾವ ಪಟ್ಟಿಯಲ್ಲಿಯೂ ಸೇರದ ಎಷ್ಟೋ ವಸ್ತುಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಮಲಗಿರುತ್ತವೆ. ಎರಡು ಸಲ ತಿರುಗಿ ನಿಂತ ಹಣ್ಣಿನ ರಸದ ಯಂತ್ರ, ಒಂದು ತಿಂಗಳು ದುಡಿದ ರೊಟ್ಟಿ ಮಾಡುವ ಯಂತ್ರ, ಧೂಳು ಹೀರಬೇಕಾದುದು ತಾನೇ ಧೂಳು ಹಿಡಿದಿರುವ ಯಂತ್ರ, ಬಟ್ಟೆ ಒಣಗಿಸುವ ಗೂಟವಾಗಿ ಮಾರ್ಪಟ್ಟ ವ್ಯಾಯಾಮದ ಸೈಕಲ್ಲು. ಕೊಳ್ಳುವಾಗ ಅತ್ಯವಶ್ಯವೆನಿಸಿ, ಕೊಂಡ ಮೇಲೆ ಬೇಡವೆನಿಸಿದ ಈ ವಸ್ತುಗಳ ಸ್ಥಾನವು ವ್ರತದ ದೃಷ್ಟಿಯಲ್ಲಿ ಯಾವುದು? ಅವುಗಳ ವಿಷಯದಲ್ಲಿ ಗೃಹಸ್ಥನಿಗೆ ಉಂಟಾಗುವ ಪಶ್ಚಾತ್ತಾಪದ ಸ್ವರೂಪವೇನು? ಈ ಪಾಠದಲ್ಲಿ ಇದನ್ನು ವಿಚಾರಿಸಲಾಗುವುದು.

೧. ಪರಿಗ್ರಹದ ಲಕ್ಷಣ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ ಹೇಳಿರುವರು. ಮೂರ್ಛೆಯೆಂದರೆ 'ಇದು ನನ್ನದು' ಎಂಬ ಮಮತ್ವಪರಿಣಾಮ. ಬಾಹ್ಯಪರಿಗ್ರಹವು ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ ಎಂದು ಹತ್ತು ಬಗೆ. ಮಿಥ್ಯಾತ್ವ, ನಾಲ್ಕು ಕಷಾಯಗಳು ಮತ್ತು ಹಾಸ್ಯಾದಿ ಒಂಬತ್ತು ನೋಕಷಾಯಗಳು ಸೇರಿ ಅಭ್ಯಂತರ ಪರಿಗ್ರಹವು ಹದಿನಾಲ್ಕು ಬಗೆ. ಅಡುಗೆಮನೆಯ ಪಾತ್ರೆಗಳು ಭಾಂಡದಲ್ಲಿ ಸೇರುವಂತೆ ಇಂದಿನ ವಿದ್ಯುದುಪಕರಣಗಳೂ ಅದರಲ್ಲಿಯೇ ಸೇರತಕ್ಕವು. ಶಾಸ್ತ್ರಕಾರರ ಕಾಲದಲ್ಲಿ ಇಲ್ಲದ ವಸ್ತುವೆಂಬ ಕಾರಣದಿಂದ ಅದು ಪಟ್ಟಿಯಿಂದ ಹೊರಗುಳಿಯಲಾರದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನು ಕೊಟ್ಟಿರುವುದು ಗಮನಾರ್ಹವಾಗಿದೆ. ಅಳೆಯಬೇಕಾದುದು ವಸ್ತುವನ್ನು ಮಾತ್ರವಲ್ಲ, ಇಚ್ಛೆಯನ್ನು. ವಸ್ತುವು ಅಟ್ಟಕ್ಕೆ ಹೋದ ಮಾತ್ರಕ್ಕೆ ಅದನ್ನು ತಂದ ಇಚ್ಛೆಯು ಅಟ್ಟಕ್ಕೆ ಹೋಗುವುದಿಲ್ಲ. ಅದು ಮುಂದಿನ ವಸ್ತುವನ್ನು ಹುಡುಕುತ್ತ ಅಂಗಡಿಯಲ್ಲಿಯೇ ನಿಂತಿರುತ್ತದೆ.

೨. ಒಂದು ದೃಷ್ಟಾಂತ

ವಿಷಯವು ಸ್ಪಷ್ಟವಾಗುವುದಕ್ಕಾಗಿ ಸುಳ್ಯ ತಾಲೂಕಿನ ಗುತ್ತಿಗಾರಿನ ಕಡೆಯ ಒಂದು ತೋಟದ ಮನೆಯನ್ನು ಉದಾಹರಣೆಯಾಗಿ ಎಣಿಸಿಕೊಳ್ಳೋಣ. ಸುಳ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯ ಈ ಪ್ರದೇಶದಲ್ಲಿ ಅಡಿಕೆಯೇ ಮುಖ್ಯ ಬೆಳೆ. ತೆಂಗು, ಕಾಳುಮೆಣಸು, ಕೊಕ್ಕೊ, ರಬ್ಬರುಗಳು ಜೊತೆಯವು. ಅಡಿಕೆಯನ್ನು ಅಂಗಳದಲ್ಲಿ ಒಣಗಿಸಿ, ಸುಲಿದು, ಚಾಲಿ ಮಾಡಿ ಮಾರುವವರಿಗೆ ಹಣವು ತಿಂಗಳ ಸಂಬಳದಂತೆ ಬರುವುದಿಲ್ಲ, ವರ್ಷದಲ್ಲಿ ಕೆಲವೇ ಸಲ ಒಟ್ಟಾಗಿ ಕೈಗೆ ಬರುತ್ತದೆ. ಒಟ್ಟಾಗಿ ಬಂದ ಹಣವು ಒಟ್ಟಾಗಿ ಹೋಗಲು ದಾರಿಯನ್ನೂ ಹುಡುಕುತ್ತದೆ. ಹಳದಿ ಎಲೆ ರೋಗದಿಂದ ಈ ತಾಲೂಕಿನ ಅನೇಕ ತೋಟಗಳು ಸೊರಗಿರುವುದರಿಂದ, ಒಳ್ಳೆಯ ವರ್ಷದಲ್ಲಿ ಕಂತಿನ ಮೇಲೆ ಕೊಂಡ ವಸ್ತುವಿನ ಋಣವನ್ನು ಕೆಟ್ಟ ವರ್ಷದ ಫಸಲಿನಿಂದ ತೀರಿಸಬೇಕಾದ ಪ್ರಸಂಗವೂ ಬರುತ್ತದೆ.

ಆ ಮನೆಯ ಹಿರಿಯಳಾದ ತಾಯಿಯು ಅಣುವ್ರತಗಳನ್ನು ಸ್ವೀಕರಿಸಿದವಳು. ಅಷ್ಟಮಿ, ಚತುರ್ದಶಿಗಳಲ್ಲಿ ಏಕಾಶನ ಮಾಡುವವಳು. ತನ್ನ ಬಳಕೆಯ ವಸ್ತುಗಳಿಗೆ ಸಂಖ್ಯೆಯ ಮಿತಿಯನ್ನು ಇಟ್ಟುಕೊಂಡವಳು. ಹಿಟ್ಟಿನ ಮರ್ಯಾದೆಯು ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬುದನ್ನು ತಪ್ಪದೆ ಪಾಲಿಸುವವಳಾದುದರಿಂದ ಅಂಗಡಿಯ ಹಿಟ್ಟಿನ ಪೊಟ್ಟಣವು ಅವಳಿಗೆ ಸಲ್ಲುವುದಿಲ್ಲ. ಮಗನಿಗೆ ತಾಯಿಯ ಮೇಲೆ ಭಕ್ತಿಯುಂಟು. ಅವನೂ ಹಿಂದಿನ ವರ್ಷದ ದಶಲಕ್ಷಣ ಪರ್ವದಲ್ಲಿ ಪರಿಗ್ರಹಪರಿಮಾಣವನ್ನು ಸ್ವೀಕರಿಸಿದವನು. ಚಾಲಿ ಮಾರಿದ ಹಣದಲ್ಲಿ 16,000 ರೂಪಾಯಿ ಕೊಟ್ಟು ಮನೆಬಳಕೆಯ ಹಿಟ್ಟಿನ ಗಿರಣಿಯೊಂದನ್ನು ತಂದನು. "ಅಮ್ಮನ ವ್ರತಕ್ಕೆ ಅನುಕೂಲವಾಗಲಿ" ಎಂದು ಅಂಗಡಿಯವನಿಗೂ ಹೇಳಿದನು, ನೆರೆಯವರಿಗೂ ಹೇಳಿದನು. ಅಮ್ಮನನ್ನು ಮಾತ್ರ ಕೇಳಲಿಲ್ಲ.

ಕುಚ್ಚಲಕ್ಕಿಯ ಗಂಜಿಯನ್ನೇ ಮುಖ್ಯ ಆಹಾರವಾಗಿ ಉಣ್ಣುವ ಆ ವೃದ್ಧೆಗೆ ಬೇಕಾದ ಹಿಟ್ಟು ವಾರಕ್ಕೆ ಒಂದೆರಡು ಹಿಡಿ. ಅಷ್ಟನ್ನು ಅವಳು ಬೀಸುವ ಕಲ್ಲಿನಲ್ಲಿಯೇ ಬೀಸಿಕೊಳ್ಳುತ್ತಿದ್ದಳು. ಗಿರಣಿಗೆ ಹಾಕಬೇಕಾದರೆ ಕಡಿಮೆಯೆಂದರೂ ಸೇರು ಧಾನ್ಯ ಬೇಕು. ಸೇರು ಧಾನ್ಯದ ಹಿಟ್ಟನ್ನು ಮೂರು ದಿನಗಳಲ್ಲಿ ಮುಗಿಸುವವರು ಯಾರು? ಮೊದಲ ತಿಂಗಳಲ್ಲಿ ಐದಾರು ಸಲ, ಆ ಮೇಲೆ ಎರಡು ಸಲ ಗಿರಣಿಯು ತಿರುಗಿತು. ಬಳಿಕ ಅದರ ಮೇಲೆ ಹಳೆಯ ಸೀರೆಯ ಹೊದಿಕೆ ಬಂದಿತು. ಅದರ ಮೇಲೆ ದಿನಪತ್ರಿಕೆಗಳ ಕಟ್ಟು ಬಂದಿತು.

ಎರಡನೆಯ ವರ್ಷದ ಭಾದ್ರಪದ ಬಂದಿತು. ದಶಲಕ್ಷಣದಲ್ಲಿ ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯಗಳ ದಿನಗಳು ಸಮೀಪಿಸಿದಾಗ ಮನೆಯವರು ವಸ್ತುಗಳನ್ನು ಎಣಿಸಲು ತೊಡಗಿದರು. ಸೀರೆಯನ್ನು ಸರಿಸಿ ಗಿರಣಿಯ ಬಾಗಿಲನ್ನು ತೆರೆದಾಗ, ಒಳಗೆ ಉಳಿದಿದ್ದ ಹಿಟ್ಟು ಮಳೆಗಾಲದ ತೇವಕ್ಕೆ ಗಂಟುಕಟ್ಟಿ, ಅದರ ತುಂಬ ಹುಳುಗಳು ಹರಿದಾಡುತ್ತಿದ್ದವು.

"ಒಂದು ಸಲ ಖಾಲಿ ತಿರುಗಿಸಿದರೆ ಎಲ್ಲ ಹೊರಗೆ ಬೀಳುತ್ತದಮ್ಮ" ಎಂದು ಮಗನು ಗುಂಡಿಯ ಕಡೆಗೆ ಕೈ ಚಾಚಿದನು.

"ಬೇಡ ಮಗಾ" ಎಂದು ತಾಯಿ ತಡೆದಳು. "ಇದು ನನ್ನ ವ್ರತದ ಹೆಸರಿನಲ್ಲಿ ಈ ಮನೆಗೆ ಬಂದದ್ದು. ನನ್ನ ಹೆಸರಿನಲ್ಲಿ ಇಷ್ಟು ಜೀವಗಳನ್ನು ಅರೆಯಬೇಡ."

ಅಹಿಂಸೆಗಾಗಿ ಕೊಂಡ ವಸ್ತುವು ಹಿಂಸೆಯ ನೆಲೆಯಾದ ಬಗೆ ಇದು. ಗಿರಣಿಯು ಕೆಟ್ಟ ವಸ್ತುವಲ್ಲ. ನಾಲ್ಕಾರು ವ್ರತಿಕರು ಒಟ್ಟಿಗೆ ಇರುವ ಮನೆಯಲ್ಲಿ, ತ್ಯಾಗಿಗಳಿಗೆ ಆಹಾರದಾನ ನಡೆಯುವ ಮನೆಯಲ್ಲಿ ಅದು ನಿತ್ಯವೂ ತಿರುಗಿ ಮರ್ಯಾದೆಯನ್ನು ಕಾಪಾಡೀತು. ಈ ಮನೆಯಲ್ಲಿ ಅದಕ್ಕೆ ಪ್ರಯೋಜನವಿರಲಿಲ್ಲ. ಪ್ರಯೋಜನವನ್ನು ಮೊದಲು ವಿಚಾರಿಸಲಿಲ್ಲ ಎಂಬುದೇ ದೋಷದ ಮೂಲ.

೩. ದೋಷವು ಯಾವ ವ್ರತದ್ದು?

ಈ ದೃಷ್ಟಾಂತದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ತಾಯಿಯ ವ್ರತವು ಭಂಗವಾಯಿತೇ? ಮಗನ ವ್ರತಕ್ಕೆ ದೋಷ ತಗಲಿತೇ?

ತಾಯಿಯು ವಸ್ತುವನ್ನು ಬೇಡಲಿಲ್ಲ, ತರಿಸಲಿಲ್ಲ, ಬಂದಾಗ ತನ್ನದೆಂದು ಸ್ವೀಕರಿಸಲೂ ಇಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಒಂದೂ ಇಲ್ಲದ ಕಡೆ ವ್ರತಭಂಗವನ್ನು ಹೇಳುವಂತಿಲ್ಲ. ಆದರೆ 'ನನ್ನ ಮಗ ಎಷ್ಟು ಬೆಲೆಬಾಳುವುದನ್ನು ತಂದನು' ಎಂದು ಮನಸ್ಸಿನಲ್ಲಿ ಹಿಗ್ಗಿದ್ದರೆ ಅದು ಅನುಮೋದನೆಯಾಗುತ್ತಿತ್ತು. ಹಿರಿಯರಿಗೆ ಕಾಣಿಕೆಯಾಗಿ ಬರುವ ವಸ್ತುಗಳ ವಿಷಯದಲ್ಲಿ ವ್ರತಿಕರು ಎಚ್ಚರದಿಂದ ಇರಬೇಕಾದ ಸ್ಥಳವಿದು. ಅಂತೆಯೇ ವ್ರತವಿರುವವರಿಗೆ ಕಾಣಿಕೆ ಕೊಡುವವರೂ ಮೊದಲು ಅವರನ್ನು ಕೇಳುವುದು ಭಕ್ತಿಗೆ ಕೊರತೆಯಲ್ಲ, ಅದೇ ನಿಜವಾದ ಭಕ್ತಿ.

ಮಗನ ವಿಷಯ ಬೇರೆ. ಗಿರಣಿಯು ಅವನು ಬರೆದಿಟ್ಟ ಹಣದ ಮಿತಿಯೊಳಗೇ ಇತ್ತೆಂದು ಭಾವಿಸೋಣ. ಆಗ ಪರಿಗ್ರಹಪರಿಮಾಣದ ಮಿತಿಯು ಮೀರಿಲ್ಲ. ಆದರೂ ದೋಷವುಂಟು, ಮತ್ತು ಅದಕ್ಕೆ ಶಾಸ್ತ್ರದಲ್ಲಿ ನಿರ್ದಿಷ್ಟವಾದ ಹೆಸರುಂಟು. ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಗೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಎಣಿಸುತ್ತದೆ: ಕಂದರ್ಪ, ಕೌತ್ಕುಚ್ಯ, ಮೌಖರ್ಯ, ಅಸಮೀಕ್ಷ್ಯಾಧಿಕರಣ, ಉಪಭೋಗಪರಿಭೋಗಾನರ್ಥಕ್ಯ. ಇವುಗಳಲ್ಲಿ ಕೊನೆಯ ಎರಡು ಈ ವಿಷಯಕ್ಕೇ ಹೇಳಿಸಿದಂತಿವೆ. ಪ್ರಯೋಜನವನ್ನು ಪರ್ಯಾಲೋಚಿಸದೆ ಅಧಿಕವಾಗಿ ತೊಡಗುವುದು ಅಸಮೀಕ್ಷ್ಯಾಧಿಕರಣ. ಎಷ್ಟರಿಂದ ಬಳಕೆಯು ಸಾಗುವುದೋ ಅಷ್ಟು ಅರ್ಥ, ಅದಕ್ಕಿಂತ ಮಿಕ್ಕಿದುದನ್ನು ಕೂಡಿಡುವುದು ಅನರ್ಥಕ್ಯ. ಕೊಳ್ಳುವ ಗಳಿಗೆಯ ದೋಷವು ಮೊದಲನೆಯದು, ಅಟ್ಟದಲ್ಲಿ ಇಟ್ಟುಕೊಂಡಿರುವ ಕಾಲದ ದೋಷವು ಎರಡನೆಯದು. ಒಂದೇ ವಸ್ತುವು ಎರಡು ಅತಿಚಾರಗಳಿಗೆ ಕಾರಣವಾಗುತ್ತದೆ. ಮೊದಲನೆಯದು ಕ್ಷಣದಲ್ಲಿ ಮುಗಿಯುತ್ತದೆ, ಎರಡನೆಯದು ವಸ್ತುವು ಅಲ್ಲಿರುವಷ್ಟು ದಿನವೂ ನಡೆಯುತ್ತಿರುತ್ತದೆ.

ಇಲ್ಲಿ ಪದಗಳ ಅರ್ಥವನ್ನು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು. ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯ ರೀತಿಯಲ್ಲಿ ಆಹಾರ, ಪಾನ, ಗಂಧ, ಮಾಲ್ಯ ಮೊದಲಾದವು ಉಪಭೋಗ. ವಸ್ತ್ರ, ಆಭರಣ, ಶಯನ, ಆಸನ, ವಾಹನ ಮೊದಲಾಗಿ ಮರಳಿ ಮರಳಿ ಬಳಸುವವು ಪರಿಭೋಗ. ಸಮಂತಭದ್ರರು ಒಮ್ಮೆ ಬಳಸಿ ಬಿಡುವುದನ್ನು ಭೋಗವೆಂದೂ, ಮರಳಿ ಬಳಸುವುದನ್ನು ಉಪಭೋಗವೆಂದೂ ಕರೆಯುತ್ತಾರೆ. ಹೆಸರು ಬೇರೆಯಾದರೂ ವಿಭಾಗವು ಒಂದೇ. ಉಪಕರಣಗಳು ಮರಳಿ ಬಳಸುವ ವರ್ಗಕ್ಕೆ ಸೇರಿದವು. ಮರಳಿ ಬಳಸುವುದೇ ಅವುಗಳ ಲಕ್ಷಣವಾಗಿರುವಾಗ, ಮರಳಿ ಬಳಸದ ಉಪಕರಣವು ತನ್ನ ಹೆಸರಿಗೇ ವಿರುದ್ಧವಾಗಿ ಕುಳಿತಿರುತ್ತದೆ.

೪. ಕೊಳ್ಳುವ ಗಳಿಗೆಯಲ್ಲಿ ನಡೆಯುವುದೇನು?

ಬೇಡದ ವಸ್ತುವನ್ನು ಯಾರೂ ಬೇಡವೆಂದು ತಿಳಿದು ಕೊಳ್ಳುವುದಿಲ್ಲ. ಕೊಳ್ಳುವಾಗ ಮನಸ್ಸು ವಸ್ತುವನ್ನಲ್ಲ, ಒಂದು ಚಿತ್ರವನ್ನು ಕೊಳ್ಳುತ್ತದೆ. ರಸದ ಯಂತ್ರವನ್ನು ಕೊಳ್ಳುವವನು ದಿನವೂ ಬೆಳಿಗ್ಗೆ ಮಕ್ಕಳಿಗೆಲ್ಲ ಹಣ್ಣಿನ ರಸ ಕುಡಿಸುವ ಒಬ್ಬ ಗೃಹಸ್ಥನ ಚಿತ್ರವನ್ನು ಕೊಳ್ಳುತ್ತಾನೆ. ವ್ಯಾಯಾಮದ ಸೈಕಲ್ಲನ್ನು ಕೊಳ್ಳುವವನು ತೆಳ್ಳಗಾದ ತನ್ನ ಶರೀರದ ಚಿತ್ರವನ್ನು ಕೊಳ್ಳುತ್ತಾನೆ. ವಸ್ತುವು ಮನೆಗೆ ಬರುತ್ತದೆ, ಚಿತ್ರವು ಬರುವುದಿಲ್ಲ.

ರತ್ನಕರಂಡಕದಲ್ಲಿ ಪರಿಗ್ರಹದಿಂದ ಕೆಟ್ಟವನಿಗೆ ದೃಷ್ಟಾಂತವಾಗಿ ಶ್ಮಶ್ರುನವನೀತನ ಹೆಸರು ಬಂದಿದೆ. ಅದರ ಟೀಕೆಯಲ್ಲಿ ಪ್ರಭಾಚಂದ್ರರು ಅವನ ಕಥೆಯನ್ನು ಹೇಳುತ್ತಾರೆ. ಲುಬ್ಧದತ್ತನೆಂಬ ವಣಿಕನು ವ್ಯಾಪಾರದಲ್ಲಿ ಗಳಿಸಿದುದನ್ನು ಕಳ್ಳರಿಗೆ ಕಳೆದುಕೊಂಡು ಹಿಂದಿರುಗುತ್ತ, ಗೋವಳರ ಬಳಿ ಮಜ್ಜಿಗೆ ಬೇಡಿ ಕುಡಿದನು. ಮೀಸೆಗೆ ಅಂಟಿದ ಬೆಣ್ಣೆಯನ್ನು ಕಂಡು, ದಿನವೂ ಹೀಗೆ ಸಂಗ್ರಹಿಸಿದರೆ ಬಂಡವಾಳವಾದೀತೆಂದು ಎಣಿಸಿ ಕೂಡಿಹಾಕತೊಡಗಿದನು. ಅದರಿಂದಲೇ ಅವನಿಗೆ ಆ ಹೆಸರು ಬಂದಿತು. ಒಂದು ಚಳಿಗಾಲದ ರಾತ್ರಿ ತುಪ್ಪದ ಗಡಿಗೆಯನ್ನು ಕಾಲ ದೆಸೆಯಲ್ಲಿಟ್ಟು, ಹತ್ತಿರ ಬೆಂಕಿ ಹಾಕಿಕೊಂಡು ಮಲಗಿ, ಈ ತುಪ್ಪ ಮಾರಿ ಸಾರ್ಥವಾಹನಾಗುವೆನು, ಸಾಮಂತನಾಗುವೆನು, ರಾಜನಾಗುವೆನು, ಚಕ್ರವರ್ತಿಯಾಗುವೆನು, ಆಗ ಪಾದಸೇವೆ ಮಾಡುವ ಸ್ತ್ರೀಯನ್ನು ಹೀಗೆ ಕಾಲಿನಿಂದ ಒದೆಯುವೆನು ಎಂದು ಕಾಲು ಬೀಸಿದನು. ಗಡಿಗೆಯು ಬೆಂಕಿಗೆ ಬಿದ್ದಿತು. ಗುಡಿಸಲು ಹೊತ್ತಿಕೊಂಡಿತು. ಅವನು ಅಲ್ಲಿಯೇ ಸುಟ್ಟು ದುರ್ಗತಿಯನ್ನು ಪಡೆದನು.

ಅವನ ಬಳಿ ಇದ್ದುದು ಒಂದು ಗಡಿಗೆ ತುಪ್ಪ ಮಾತ್ರ. ಅವನನ್ನು ಸುಟ್ಟುದು ಆ ತುಪ್ಪವಲ್ಲ, ಅದರ ಮೇಲೆ ಕಟ್ಟಿದ ಚಿತ್ರ. ಅಲ್ಪಪರಿಗ್ರಹಿಯಲ್ಲಿಯೂ ಬಹುಮೂರ್ಛೆ ಇರಬಹುದೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ದೊರೆಯದು.

ಸಮಂತಭದ್ರರು ಪರಿಗ್ರಹಪರಿಮಾಣಕ್ಕೆ ಹೇಳಿದ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಇವುಗಳಲ್ಲಿ ವಿಸ್ಮಯವು ಸೇರಿರುವುದನ್ನು ಕಂಡು ಅಭ್ಯಾಸಿಗಳು ಆಶ್ಚರ್ಯಪಡಬಹುದು. ಆದರೆ ಯಾವುದಾದರೊಂದು ಪ್ರದರ್ಶನಕ್ಕೆ ಹೋದವರಿಗೆ ಅದರ ಮರ್ಮವು ತಿಳಿಯುತ್ತದೆ. ಪುತ್ತೂರಿನಲ್ಲಿ 2023ರ ಫೆಬ್ರವರಿಯಲ್ಲಿ ಕೃಷಿ ಯಂತ್ರ ಮೇಳವು ನಡೆದಿತ್ತು. ಅಂಥ ಮೇಳಗಳಿಂದ ಪ್ರಯೋಜನವಿಲ್ಲವೆಂದಲ್ಲ. ಮರವೇರುವ ಕೆಲಸಗಾರರೇ ದೊರೆಯದ ಈ ಕಾಲದಲ್ಲಿ, ನೆಲದಲ್ಲಿ ನಿಂತೇ ಅಡಿಕೆಯ ಗೊನೆ ತೆಗೆಯುವ ದೋಟಿಯೂ, ಅಡಿಕೆ ಸುಲಿಯುವ ಯಂತ್ರವೂ ಕೃಷಿಕನಿಗೆ ಅವಶ್ಯವೇ ಆಗಿವೆ. ಆದರೆ ದೋಟಿಯನ್ನು ನೋಡಲು ಹೋದವನು ಅದನ್ನು ಬಿಟ್ಟು, ಪಕ್ಕದ ಮಳಿಗೆಯಲ್ಲಿ ತೋರಿಸುವವನ ಕೈಚಳಕಕ್ಕೆ ಬೆರಗಾಗಿ ತರಕಾರಿ ಹೆಚ್ಚುವ ಯಂತ್ರದೊಡನೆ ಹಿಂದಿರುಗಿದರೆ, ಅವನನ್ನು ಕೊಳ್ಳಿಸಿದುದು ಪ್ರಯೋಜನವಲ್ಲ, ವಿಸ್ಮಯ. ಈಗಂತೂ ಮೇಳಕ್ಕೆ ಹೋಗಬೇಕಾಗಿಯೂ ಇಲ್ಲ. ಮೊಬೈಲಿನಲ್ಲಿ ಬೆರಳು ಸರಿಸಿದಷ್ಟಕ್ಕೇ ಮೇಳವು ಚಾವಡಿಗೆ ಬರುತ್ತದೆ, ಮೂರು ದಿನಗಳಲ್ಲಿ ಪೆಟ್ಟಿಗೆಯು ತೋಟದ ಮನೆಯ ಬಾಗಿಲಿಗೂ ಬರುತ್ತದೆ.

೫. ಪಶ್ಚಾತ್ತಾಪವು ಎರಡು ಬಗೆ

ಕೊಂಡುದಕ್ಕೆ ಪಶ್ಚಾತ್ತಾಪಪಡುವುದು ಒಳ್ಳೆಯ ಲಕ್ಷಣವಲ್ಲವೇ ಎಂದು ಕೇಳಬಹುದು. ಎಲ್ಲ ಪಶ್ಚಾತ್ತಾಪವೂ ಒಳ್ಳೆಯದಲ್ಲ. ಇದು ಈ ಪಾಠದ ಮುಖ್ಯ ವಿಷಯವಾದುದರಿಂದ ಸಾವಧಾನವಾಗಿ ತಿಳಿಯತಕ್ಕದ್ದು.

'ಹದಿನಾರು ಸಾವಿರ ರೂಪಾಯಿ ಹಾಳಾಯಿತಲ್ಲ' ಎಂದು ಅಟ್ಟವನ್ನು ನೋಡಿದಾಗಲೆಲ್ಲ ಕೊರಗುವವನ ಮನಸ್ಸನ್ನು ಪರೀಕ್ಷಿಸೋಣ. ಹೋದ ಹಣವನ್ನು ನೆನೆದು ಕೊರಗುವುದು ಇಷ್ಟವಿಯೋಗದಿಂದ ಹುಟ್ಟಿದ ಆರ್ತಧ್ಯಾನ. ಬೇಡದ ವಸ್ತುವು ಕಣ್ಣೆದುರು ಕುಳಿತಿದೆಯೆಂದು ಬೇಸರಪಡುವುದು ಅನಿಷ್ಟಸಂಯೋಗದಿಂದ ಹುಟ್ಟಿದ ಆರ್ತಧ್ಯಾನ. 'ಇದರ ಬದಲು ಇನ್ನೊಂದು ಕಂಪನಿಯದನ್ನು ಕೊಂಡಿದ್ದರೆ ಚೆನ್ನಾಗಿತ್ತು, ಮುಂದೆ ಅದನ್ನೇ ಕೊಳ್ಳುವೆನು' ಎಂದು ಮುಂದಿನ ಭೋಗವನ್ನು ಬಯಸುವುದು ನಿದಾನಕ್ಕೆ ಹತ್ತಿರವಾದ ಭಾವ. ಕೊಂಡಾಗ ಲೋಭ, ಕೊಂಡ ಮೇಲೆ ಆರ್ತ. ವಸ್ತುವಿನಿಂದ ಸುಖವೂ ದೊರೆಯಲಿಲ್ಲ, ಪಾಪಾಸ್ರವವೂ ತಪ್ಪಲಿಲ್ಲ.

ಇನ್ನೊಂದು ಬಗೆಯದು ನಿಂದೆ ಮತ್ತು ಗರ್ಹೆ. ತನ್ನ ದೋಷವನ್ನು ತಾನೇ ತನ್ನ ಮುಂದೆ ಒಪ್ಪಿಕೊಳ್ಳುವುದು ನಿಂದೆ, ಗುರುಗಳ ಮುಂದೆ ಒಪ್ಪಿಕೊಳ್ಳುವುದು ಗರ್ಹೆ. ಇಲ್ಲಿ ದೃಷ್ಟಿಯು ಹಣದ ಮೇಲೆ ಇರುವುದಿಲ್ಲ, ಪರಿಣಾಮದ ಮೇಲೆ ಇರುತ್ತದೆ. 'ವಿಚಾರಿಸದೆ ಕೊಂಡೆನು, ವ್ರತದ ಹೆಸರನ್ನು ಮುಂದೆ ಮಾಡಿದೆನು, ನೆರೆಯವರು ಹೊಗಳಲೆಂಬ ಆಸೆಯೂ ಇತ್ತು' ಎಂದು ಕಾಣುವುದು ನಿಜವಾದ ಆಲೋಚನೆ. ಮೊದಲನೆಯ ಬಗೆಯ ಪಶ್ಚಾತ್ತಾಪವು ವಸ್ತುವನ್ನು ಅಟ್ಟದಲ್ಲಿ ಉಳಿಸುತ್ತದೆ. ಎರಡನೆಯದು ಅದನ್ನು ಅಟ್ಟದಿಂದ ಇಳಿಸುತ್ತದೆ. ಯಾವ ಪಶ್ಚಾತ್ತಾಪವು ತನ್ನಲ್ಲಿದೆಯೆಂಬುದನ್ನು ಶ್ರಾವಕನು ಈ ಒಂದು ಗುರುತಿನಿಂದಲೇ ತಿಳಿದುಕೊಳ್ಳಬಹುದು.

ಕೊರಗುವವನು ವಸ್ತುವನ್ನು ಏಕೆ ಬಿಡಲಾರನು? 'ಅಷ್ಟು ಹಣ ಕೊಟ್ಟಿದ್ದೇನೆ' ಎಂಬುದೇ ಅವನ ಉತ್ತರ. ಇದಕ್ಕೊಂದು ಸಣ್ಣ ಲೆಕ್ಕವನ್ನು ಮಾಡೋಣ. 16,000 ರೂಪಾಯಿಯ ಗಿರಣಿಯು 8 ಸಲ ತಿರುಗಿದೆಯಾದರೆ ಸಲವೊಂದಕ್ಕೆ 2,000 ರೂಪಾಯಿ ಬಿದ್ದಿತು. ಇನ್ನು ಹತ್ತು ವರ್ಷ ಅದನ್ನು ಸೀರೆಯಡಿಯಲ್ಲಿ ಇಟ್ಟುಕೊಂಡರೂ ಈ ಸಂಖ್ಯೆಯು ಒಂದು ರೂಪಾಯಿಯಷ್ಟೂ ಇಳಿಯದು. ಹಣವು ಹೋದುದು ಕೊಂಡ ದಿನ, ಬಿಡುವ ದಿನವಲ್ಲ. 'ಹಾಗಾದರೆ ಇನ್ನೂ ಎಂಟು ಸಲ ತಿರುಗಿಸಿದರೆ ಸಲಕ್ಕೆ ಒಂದು ಸಾವಿರವಾಗುವುದಲ್ಲ' ಎಂದು ಬೇಡದ ಹಿಟ್ಟನ್ನು ಬೀಸಿ, ಮರ್ಯಾದೆ ಮೀರಿಸಿ, ಹೊರಗೆ ಚೆಲ್ಲುವುದು ಮೊದಲನೆಯ ತಪ್ಪಿನ ಮೇಲೆ ಎರಡನೆಯ ತಪ್ಪು. ಕೊಟ್ಟ ಹಣದ ಮೇಲಿನ ಮೂರ್ಛೆಯೇ ವಸ್ತುವಿನ ಮೇಲಿನ ಮೂರ್ಛೆಯ ವೇಷವನ್ನು ಧರಿಸಿ ಅಟ್ಟವನ್ನು ಕಾಯುತ್ತಿರುತ್ತದೆ.

೬. ಜೀವರಕ್ಷೆಯ ದೃಷ್ಟಿ

ಬಳಸದ ವಸ್ತುವು ಯಾರಿಗೂ ಕೆಡುಕು ಮಾಡದೆ ಸುಮ್ಮನೆ ಇರುತ್ತದೆಂಬುದು ಭ್ರಮೆ. ಸಾಮಾನ್ಯ ವರ್ಷದಲ್ಲಿ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಘಟ್ಟದ ಬುಡದ ಊರುಗಳಲ್ಲಿ ಮುಚ್ಚಿಟ್ಟ ಪೆಟ್ಟಿಗೆಯೆಂದರೆ ಬೂಷ್ಟು, ಇರುವೆ, ಜಿರಲೆ, ಗೆದ್ದಲುಗಳ ಮನೆ. ದಿನವೂ ಬಳಸುವ ತುರಿಮಣೆಯನ್ನು ದಿನವೂ ನೋಡಿ ತೊಳೆಯುತ್ತಾರೆ. ಆರು ತಿಂಗಳಿಗೊಮ್ಮೆ ಇಳಿಸುವ ಯಂತ್ರವನ್ನು ನೋಡಿ ಒರೆಸುವ ವೇಳೆಗೆ ಅದು ಅನೇಕ ತ್ರಸಜೀವಗಳ ನೆಲೆಯಾಗಿರುತ್ತದೆ. ಮುನಿಗಳಿಗೆ ಹೇಳಿದ ಆದಾನನಿಕ್ಷೇಪಣ ಸಮಿತಿಯನ್ನು, ಎಂದರೆ ವಸ್ತುವನ್ನು ನೋಡಿ ಎತ್ತುವ, ನೋಡಿ ಇಡುವ ಎಚ್ಚರವನ್ನು, ಗೃಹಸ್ಥನೂ ಯಥಾಶಕ್ತಿ ಅಭ್ಯಾಸ ಮಾಡಬೇಕು. ನೋಡಿಕೊಳ್ಳಲಾಗದಷ್ಟು ವಸ್ತುಗಳನ್ನು ಇಟ್ಟುಕೊಂಡವನಿಗೆ ಈ ಅಭ್ಯಾಸವು ಸಾಧ್ಯವಾಗದು. ಎಷ್ಟನ್ನು ನೋಡಿಕೊಳ್ಳಬಲ್ಲೆನೋ ಅಷ್ಟನ್ನೇ ಇಟ್ಟುಕೊಳ್ಳುವೆನೆಂಬುದು ಮಿತಿಯನ್ನು ಗೊತ್ತುಮಾಡಲು ಒಳ್ಳೆಯ ಅಳತೆಗೋಲು.

ಕೆಲವು ಉಪಕರಣಗಳನ್ನು ಬಳಸಿದರೂ ದೋಷ, ಇಟ್ಟುಕೊಂಡರೂ ದೋಷ. ಸೊಳ್ಳೆಗಳನ್ನು ವಿದ್ಯುತ್ತಿನಿಂದ ಸುಡುವ ಬ್ಯಾಟು ಅಂಥದು. ಜೈನರ ಮನೆಯಲ್ಲಿ ಅದಕ್ಕೆ ಸ್ಥಳವಿಲ್ಲ. ನೆರೆಯವರಿಗೆ ಎರವಲು ಕೊಡುವುದು ಹಿಂಸಾದಾನವೆಂಬ ಅನರ್ಥದಂಡವಾಗುವುದು. ಸೊಳ್ಳೆಪರದೆಯು ಯಾರನ್ನೂ ಕೊಲ್ಲದೆ ಅದೇ ಕೆಲಸವನ್ನು ಮಾಡುತ್ತದೆ. ತಂಪುಪೆಟ್ಟಿಗೆಯ ವಿಷಯದಲ್ಲಿಯೂ ವಿವೇಕ ಬೇಕು. ಅದು ಆಹಾರವು ಹಳಸಿದುದು ಕಾಣದಂತೆ ಮಾಡಬಲ್ಲುದೇ ಹೊರತು ಶಾಸ್ತ್ರೋಕ್ತ ಮರ್ಯಾದೆಯನ್ನು ಹೆಚ್ಚಿಸಲಾರದು.

ಬಿಸಾಡಿದ ಉಪಕರಣದ ಕಥೆಯೂ ಅಲ್ಲಿಗೆ ಮುಗಿಯುವುದಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಲೋಕದಲ್ಲಿ ಉಂಟಾದ ವಿದ್ಯುದುಪಕರಣಗಳ ತ್ಯಾಜ್ಯವು ಸುಮಾರು 6.2 ಕೋಟಿ ಟನ್ನು. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದುದಾಗಿ ದಾಖಲೆಯಿರುವುದು ಶೇಕಡಾ 22.3 ಮಾತ್ರ. ತಂತಿಯೊಳಗಿನ ತಾಮ್ರಕ್ಕಾಗಿ ಮೇಲಿನ ಪ್ಲಾಸ್ಟಿಕ್ಕನ್ನು ಬಯಲಲ್ಲಿ ಸುಡುವಾಗ ಏಳುವ ವಿಷದ ಹೊಗೆ, ಮಣ್ಣಿಗೆ ಇಳಿಯುವ ಸೀಸ, ಇವುಗಳಿಂದ ಪೃಥ್ವೀಕಾಯ, ಜಲಕಾಯ, ವಾಯುಕಾಯ ಜೀವಗಳಿಗೂ ಮನುಷ್ಯರಿಗೂ ಬಾಧೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ಮನೆಬಳಕೆಯ ವಿದ್ಯುದುಪಕರಣಗಳೂ ಸೇರಿ 106 ಬಗೆಯ ವಸ್ತುಗಳಿವೆ. ತೋಟದ ಬದಿಯ ತೋಡಿಗೆ ಎಸೆದರೆ ಮನೆ ಖಾಲಿಯಾಗುವುದೇ ವಿನಾ ದೋಷವು ಖಾಲಿಯಾಗದು.

೭. ಇರುವುದನ್ನು ಏನು ಮಾಡಬೇಕು?

ಅಟ್ಟದಿಂದ ಇಳಿಸಿದ ವಸ್ತುವಿಗೆ ನಾಲ್ಕು ದಾರಿಗಳುಂಟು. ಮೊದಲನೆಯದು, ನಿಜವಾಗಿ ಪ್ರಯೋಜನವಿದ್ದರೆ ಕೈಗೆ ಸಿಗುವ ಸ್ಥಳದಲ್ಲಿಟ್ಟು ಬಳಸುವುದು. ಎರಡನೆಯದು, ಬಳಸುವವರಿಗೆ ಕೊಡುವುದು. ಕೆಟ್ಟುಹೋದುದನ್ನು ಕೊಟ್ಟು ದಾನವೆಂದು ಹೇಳಿಕೊಳ್ಳಬಾರದು, ಅದು ತನ್ನ ಭಾರವನ್ನು ಬಡವರ ತಲೆಯ ಮೇಲೆ ಇಡುವುದಷ್ಟೇ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಿಗೆ ಇದನ್ನು ಸಮವೆಂದು ಭಾವಿಸುವುದೂ ಸರಿಯಲ್ಲ. ಮೂರನೆಯದು, ಮಾರುವುದು. ಮಾರುವಾಗ ವಸ್ತುವಿನ ಕೊರತೆಯನ್ನು ಮುಚ್ಚಿಡದೆ ಹೇಳಬೇಕು, ಇಲ್ಲವಾದರೆ ಪರಿಗ್ರಹವನ್ನು ಕಡಿಮೆ ಮಾಡಲು ಹೋಗಿ ಸತ್ಯಾಣುವ್ರತಕ್ಕೆ ಕುಂದು ಬರುವುದು. ಬಂದ ಹಣದಿಂದ ಇನ್ನೊಂದು ಉಪಕರಣವನ್ನು ಕೊಳ್ಳಲಾಗದು. ನಾಲ್ಕನೆಯದು, ಯಾರಿಗೂ ಒದಗದಷ್ಟು ಕೆಟ್ಟಿದ್ದರೆ ಇ-ತ್ಯಾಜ್ಯವನ್ನು ಕ್ರಮವಾಗಿ ಸಂಗ್ರಹಿಸುವವರಿಗೆ ಒಪ್ಪಿಸುವುದು.

ವರ್ಷಕ್ಕೆ ಎರಡು ಸಲ ಮಾತ್ರ ಬೇಕಾಗುವ ವಸ್ತುವನ್ನು ನಾಲ್ಕು ಮನೆಗಳವರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು. ಮದುವೆ, ಪೂಜೆಗಳ ದೊಡ್ಡ ಪಾತ್ರೆಗಳನ್ನು ಪ್ರತಿ ಮನೆಯಲ್ಲಿಯೂ ಇಡದೆ ಒಂದೆಡೆಯಿಂದ ತಂದು ಬಳಸಿ ಹಿಂದಿರುಗಿಸುವ ಪದ್ಧತಿಯು ಹಳ್ಳಿಗಳಿಗೆ ಹೊಸತಲ್ಲ.

೮. ಮುಂದಿನದಕ್ಕೆ ನಿಯಮ

ಭೋಗೋಪಭೋಗಪರಿಮಾಣವು ಎರಡು ವಿಧ. ಕಾಲದ ಅವಧಿಯಿಟ್ಟುಕೊಂಡುದು ನಿಯಮ, ಯಾವಜ್ಜೀವವಾದುದು ಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಇವುಗಳ ಅವಧಿಗೂ ನಿಯಮ ಮಾಡಬಹುದೆಂದು ಸಮಂತಭದ್ರರು ತಿಳಿಸಿರುವುದು ಗೃಹಸ್ಥರಿಗೆ ಬಹಳ ಉಪಕಾರವಾಗಿದೆ. ಉತ್ಸಾಹದಲ್ಲಿ ಯಮವನ್ನು ಹಿಡಿದು ಬಿಡುವುದಕ್ಕಿಂತ ಸಣ್ಣ ನಿಯಮವನ್ನು ಪಾಲಿಸುವುದು ಲೇಸು. ಉಪಕರಣಗಳ ವಿಷಯದಲ್ಲಿ ಈ ಕೆಳಗಿನ ನಿಯಮಗಳು ಯೋಗ್ಯವಾಗಿವೆ.

(ಅ) ಯಾವ ಹೊಸ ಉಪಕರಣವನ್ನೂ ಬೇಕೆನಿಸಿದ ದಿನ ಕೊಳ್ಳದೆ ಒಂದು ಪಕ್ಷ ತಡೆಯುವುದು. ಪಕ್ಷ ಕಳೆದ ಮೇಲೂ ಅದರ ಅವಶ್ಯಕತೆಯು ಹಾಗೆಯೇ ಇದ್ದರೆ ವಿಚಾರಿಸುವುದು.

(ಆ) ಅದನ್ನು ಬಳಸಬೇಕಾದವರನ್ನು ಕೇಳದೆ ಕೊಳ್ಳದಿರುವುದು.

(ಇ) ಕಂತಿನ ಮೇಲೆ ಭೋಗದ ವಸ್ತುವನ್ನು ಕೊಳ್ಳದಿರುವುದು.

(ಈ) ಒಂದು ಬಂದರೆ ಒಂದು ಹೋಗಬೇಕೆಂದು ಸಂಖ್ಯೆಯನ್ನು ನಿಲ್ಲಿಸುವುದು.

(ಉ) ಭಾದ್ರಪದದಲ್ಲಿ ವರ್ಷಕ್ಕೊಮ್ಮೆ ಅಟ್ಟ, ಕಪಾಟುಗಳನ್ನು ನೋಡಿ ಎಣಿಸುವುದು.

ಈ ನಿಯಮಗಳಿಂದ ಹಳೆಯದೆಲ್ಲ ಶ್ರೇಷ್ಠ, ಹೊಸದೆಲ್ಲ ತ್ಯಾಜ್ಯವೆಂದು ಅರ್ಥಮಾಡಬಾರದು. ದಿನವೂ ತೆಂಗಿನಕಾಯಿ ಅರೆಯುವ ಮಿಕ್ಸಿಯು ಅನರ್ಥಕ್ಯವಲ್ಲ. ಮೂಲೆಯಲ್ಲಿ ಬಿದ್ದಿರುವ ಕಡೆಯುವ ಕಲ್ಲಿಗೆ ಸೊಸೆಯು ಮರಳಬೇಕೆಂದು ಅತ್ತೆಯು ಹಟ ಹಿಡಿಯುವುದು ವ್ರತವೂ ಅಲ್ಲ. ವ್ರತವು ತನ್ನ ಇಚ್ಛೆಗೆ ತಾನು ಹಾಕಿಕೊಳ್ಳುವ ಮಿತಿ, ಇತರರ ಬೆನ್ನಿನ ಮೇಲೆ ಹೊರಿಸುವ ಭಾರವಲ್ಲ. ಅಟ್ಟದಲ್ಲಿ ಎಂದೂ ಬೆಳಗದೆ ಸಾಲಾಗಿ ಮಲಗಿರುವ ಅಜ್ಜನ ಕಾಲದ ತಾಮ್ರದ ಹಂಡೆಗಳೂ ಎಣಿಕೆಯಲ್ಲಿ ಸೇರಬೇಕಾದವೇ.

೯. ಉಪಸಂಹಾರ

ದೃಷ್ಟಾಂತದ ಮನೆಗೆ ಹಿಂದಿರುಗೋಣ. ಮಗನು ಗುಂಡಿಯನ್ನು ಒತ್ತಲಿಲ್ಲ. ಗಿರಣಿಯನ್ನು ಹಿಂಬದಿಯ ಜಗಲಿಯ ನೆರಳಿನಲ್ಲಿ ಬಾಗಿಲು ತೆರೆದಿಟ್ಟು, ಮೃದುವಾದ ಬಟ್ಟೆಯಿಂದ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹಿಟ್ಟನ್ನೂ ಹುಳುಗಳನ್ನೂ ಒಣಗಿದ ಸ್ಥಳದಲ್ಲಿ ಬಿಡುತ್ತ ಬಂದನು. ನಾಲ್ಕು ದಿನಗಳು ಬೇಕಾದವು. ಅವನ ಹದಿನಾರು ಸಾವಿರ ರೂಪಾಯಿಯು ಅವನಿಗೆ ಕಲಿಸದಿದ್ದುದನ್ನು ಆ ನಾಲ್ಕು ದಿನಗಳು ಕಲಿಸಿದವು. ಪೇಟೆಯಲ್ಲಿ ರಾಗಿಯ ಹುಡಿ ಮಾಡಿ ಮಾರಿ ಜೀವನ ಸಾಗಿಸುವ ಒಬ್ಬಾಕೆಗೆ, ಒಳಗೆ ಹುಳು ಹಿಡಿದಿದ್ದ ಸಂಗತಿಯನ್ನೂ ಹೇಳಿ, ಅದನ್ನು ಹಾಗೆಯೇ ಕೊಟ್ಟನು. ಆಕೆಯ ಮನೆಯಲ್ಲಿ ಅದು ದಿನವೂ ತಿರುಗುತ್ತದೆ, ದಿನವೂ ಶುಚಿಯಾಗುತ್ತದೆ.

ಆಕಿಂಚನ್ಯದ ದಿನ ಬಸದಿಗೆ ಹೊರಡುವ ಮೊದಲು ಮಗನು ತಾಯಿಯ ಬಳಿಗೆ ಬಂದು, "ನಿಮ್ಮನ್ನು ಕೇಳದೆ ನಿಮ್ಮ ಹೆಸರಿನಲ್ಲಿ ತಂದೆನಮ್ಮ, ಕ್ಷಮಿಸಬೇಕು" ಎಂದನು. "ಮುಂದೆ ನನಗೆ ಏನಾದರೂ ತರಬೇಕೆನಿಸಿದರೆ ಮಗಾ, ಒಂದು ಗಳಿಗೆ ನನ್ನ ಹತ್ತಿರ ಬಂದು ಕುಳಿತುಕೋ. ಅದಕ್ಕೆ ಅಟ್ಟದಲ್ಲಿ ಜಾಗ ಬೇಡ" ಎಂದು ತಾಯಿ ಹೇಳಿದಳು.

ವಸ್ತುವನ್ನು ಬಿಡುವುದು ಕಷ್ಟವಲ್ಲ, ಅದಕ್ಕೆ ಕೊಟ್ಟ ಹಣವನ್ನು ಮನಸ್ಸಿನಿಂದ ಬಿಡುವುದು ಕಷ್ಟ. ಅದನ್ನೂ ಬಿಟ್ಟಾಗಲೇ ಪರಿಮಾಣವ್ರತವು ಪಟ್ಟಿಯಿಂದ ಹೃದಯಕ್ಕೆ ಇಳಿಯುತ್ತದೆ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಪರಿಗ್ರಹಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಹೆಸರು ಏಕೆ ಸಲ್ಲುತ್ತದೆ?

2. ಅಸಮೀಕ್ಷ್ಯಾಧಿಕರಣ ಮತ್ತು ಉಪಭೋಗಪರಿಭೋಗಾನರ್ಥಕ್ಯಗಳ ಭೇದವನ್ನು ಮನೆಯ ಒಂದು ವಸ್ತುವಿನ ಉದಾಹರಣೆಯಿಂದ ವಿವರಿಸಿರಿ.

3. ಆರ್ತಧ್ಯಾನರೂಪವಾದ ಪಶ್ಚಾತ್ತಾಪವನ್ನೂ ನಿಂದೆ-ಗರ್ಹೆಗಳನ್ನೂ ಯಾವ ಗುರುತಿನಿಂದ ಬೇರ್ಪಡಿಸಬಹುದು?

4. ಕಳೆದ ಒಂದು ವರ್ಷದಲ್ಲಿ ಒಮ್ಮೆಯೂ ಬಳಸದ ವಸ್ತುಗಳು ಮನೆಯಲ್ಲಿ ಎಷ್ಟಿವೆ? ಮನೆಯವರೆಲ್ಲರೂ ಸೇರಿ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ನಾಲ್ಕು ದಾರಿಗಳಲ್ಲಿ ಯಾವುದು ಯೋಗ್ಯವೆಂದು ನಿರ್ಣಯಿಸಿರಿ.